ಕಲಿಯಲು ಬಂದವಳು

"ಕಕ್ಕಸ್ ತೊಳಿಯಕೆ ಇಷ್ಟೊತ್ತೇನಮ್ಮಿ? ಅಲ್ಲೇ ಮನಿಕ್ಕಂಡಿದ್ದಾ?"

ಸೂಪರ್‌ವೈಸರ್ ಚಿಕ್ಕಸ್ವಾಮಿ ಬಾಗಿಲಲ್ಲಿ ನಿಂತು ಕೂಗಿದ. ಪ್ರಮೀಳಾ ಬಕೆಟ್ಟು ಕೆಳಗಿಟ್ಟಳು. ಫಿನಾಯಿಲ್ ತಗುಲಿ ಬೆರಳ ಸಂದಿಗಳು ಉರಿಯುತ್ತಿದ್ದವು.

"ಆಯ್ತು ಸಾ."

"ಆಯ್ತು ಅಂದ್ರೆ? ಕಬ್ಬಿಣದ ಚೂರ್‍ನ ನಿಮ್ಮವ್ವ ಬಂದು ಗುಡಿಸ್ತಾಳಾ?"

ಪಾಂಡವಪುರದ ಹೊರಗಿದ್ದ ಆ ಕಾರ್ಖಾನೆಯಲ್ಲಿ ಟ್ರಾಕ್ಟರಿನ ಬಿಡಿಭಾಗ ಮಾಡುತ್ತಿದ್ದರು. ಶೀಳನೆರೆ ಕಡೆಯ ದಲಿತ ಕೇರಿಯ ಪ್ರಮೀಳಾ ಐಟಿಐ ಮುಗಿಸಿ ಅಲ್ಲಿಗೆ ಅಪ್ರೆಂಟಿಸ್ ಆಗಿ ಸೇರಿ ಒಂದು ಮಳೆಗಾಲ ಕಳೆದಿತ್ತು. ಐಟಿಐನಲ್ಲಿದ್ದ, ಕಬ್ಬಿಣ ಕಡೆಯುವ ಒಂದೇ ಲೇತ್ ಯಂತ್ರ ಕೆಟ್ಟು ಕೂತಿದ್ದರಿಂದ, ಕೆಲಸದ ಜಾಗದಲ್ಲೇ ಕಲಿತುಕೋ ಎಂದು ಮೇಷ್ಟರು ಕಳಿಸಿದ್ದರು. ಕಲಿತರೆ ಮೈಸೂರಿನ ದೊಡ್ಡ ಕಾರ್ಖಾನೆ. ಇಲ್ಲದಿದ್ದರೆ ಅವ್ವನ ಜೊತೆ ಕಬ್ಬಿನ ಗದ್ದೆ.

ಅವಳ ಜೊತೆಗೇ ಸೇರಿದ ದಿಲೀಪ ಆಗಲೇ ಲೇತ್ ಓಡಿಸುತ್ತಿದ್ದ. ಅವನು ಮಾಲೀಕ ನಂಜಪ್ಪನವರ ಊರಿನವನು, ಅವರ ಜಾತಿಯವನು. ಪ್ರಮೀಳಾಳ ಕೈಗೆ ಸಿಕ್ಕಿದ್ದು ಪೊರಕೆ.

ಚಿಕ್ಕಸ್ವಾಮಿ ಹೊಸ ನೀಲಿ ಕೋಟೊಂದನ್ನು ಅವಳ ಮೇಲೆ ಎಸೆದ. "ಆಕ್ಕೊ. ಜಿಲ್ಲೆಯಿಂದ ಮೇಡಮ್ಮು ಬತ್ತಾವ್ರೆ. ಲೇತ್ ಮುಂದೆ ನಿಂತ್ಕೊ. ಕೇಳುದ್ರೆ ಎಲ್ಲಾ ಕಲಿಸವ್ರೆ ಅನ್ನು."

"ಕಲಿಸಿಲ್ವಲ್ಲ ಸಾ."

"ಬಾಯ್ ಮುಚ್ಚೆ ಮುಂಡೇದೆ. ನಿಮ್ಮೋರ್‍ನ ಒಳಕ್ಕೆ ಬುಟ್ಕಂಡಿರದೇ ಎಚ್ಚು."

ಮಧ್ಯಾಹ್ನ ಅಪ್ರೆಂಟಿಸ್ ಯೋಜನೆಯ ಅಧಿಕಾರಿ ಮೇಡಂ ಬಂದರು. ಅವರ ಜೊತೆ ಬಂದಿದ್ದ ಫೋಟೋದವನು ಪ್ರಮೀಳಾಳ ಕೈಯೆತ್ತಿ ಲೇತಿನ ಹಿಡಿಯ ಮೇಲಿಟ್ಟ.

"ಒಸಿ ನಗಮ್ಮ."

"ಇಂಥ ಹೆಣ್ಣುಮಕ್ಕಳೇ ನಮ್ಮ ಯೋಜನೆಯ ಹೆಮ್ಮೆ," ಎಂದರು ಮೇಡಂ. "ಏನೇನು ಕಲಿತೆ?"

ಅಂಗೈಗೆ ಕಬ್ಬಿಣ ತಣ್ಣಗೆ ತಾಗುತ್ತಿತ್ತು. ಪ್ರಮೀಳಾ ಹೇಳಿದಳು:

"ಇದ್ನ ಮುಟ್ಟಿದ್ದೇ ಇವತ್ತು ಮೇಡಂ. ಕಕ್ಕಸ್ ತೊಳಿಯದ್ ಬುಟ್ರೆ ಇಲ್ಲಿ ನಂಗೇನೂ ಕಲಿಸಿಲ್ಲ."

ಮೇಡಂ ಪಕ್ಕದಲ್ಲಿದ್ದ ಮಾಲೀಕ ನಂಜಪ್ಪ ನಕ್ಕುಬಿಟ್ಟರು. "ಹೊಸಬಳು ಮೇಡಂ, ಹೆದರಿ ಏನೇನೋ ಅಂತಾಳೆ. ಬನ್ನಿ, ಎಳನೀರು ಕೆತ್ತಿಸಿದೀನಿ."

ಮೇಡಂ ಅವಳ ಮುಖ ನೋಡಿದರು, ನಂಜಪ್ಪನವರ ಮುಖ ನೋಡಿದರು. "ಇವಳನ್ನ ಸ್ವಲ್ಪ ಗಮನಿಸಿ ನಂಜಪ್ಪನವರೇ," ಎಂದು ಎಳನೀರಿನ ಕಡೆ ನಡೆದರು. ಸ್ವಲ್ಪ ಹೊತ್ತಿಗೆ ಜೀಪು ಹೊರಟ ಸದ್ದು ಕೇಳಿಸಿತು.

ಚಿಕ್ಕಸ್ವಾಮಿ ಒಳಗೆ ಬಂದ. "ಬಿಚ್ಚೆ ಕೋಟ. ನಡಿ ಆಚೆಗೆ."

ಪ್ರಮೀಳಾ ಕದಲಲಿಲ್ಲ. ಪಕ್ಕದ ಯಂತ್ರಗಳು ಒಂದೊಂದಾಗಿ ನಿಂತವು. ಅವಳು ದಿಲೀಪನ ಕಡೆ ತಿರುಗಿದಳು.

"ಇದ್ನ ಯಂಗ್ ಓಡ್ಸದು ದಿಲೀಪ?"

"ಏಳ್ಕೊಟ್ರೆ ನಿನ್ ಕತೆನೂ ಮುಗೀತು ಕಣ್ಲಾ," ಎಂದ ಚಿಕ್ಕಸ್ವಾಮಿ.

ದಿಲೀಪ ತಲೆ ತಗ್ಗಿಸಿದ. ಐಟಿಐನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದವನು, ಇಲ್ಲಿಗೆ ಬಂದಮೇಲೆ ಅವಳ ಮುಖ ನೋಡಿ ಮಾತಾಡಿರಲಿಲ್ಲ. ಅವನು ಬಾಯಿ ಬಿಡುವುದಿಲ್ಲ ಎಂದುಕೊಂಡಳು.

"ಮೊದ್ಲು ವೇಲ್ ತಗ್ದಾಕು," ಎಂದ ಅವನು, ನೆಲ ನೋಡುತ್ತಲೇ. "ಸಿಕ್ಕಾಕ್ಕಂಡ್ರೆ ಪ್ರಾಣ ಓಯ್ತದೆ."

"ಲೇ, ಬಡ್ಡೆತ್ತದೆ..."

ಪ್ರಮೀಳಾ ವೇಲು ಎಳೆದು ನೆಲಕ್ಕೆಸೆದಳು.

"ಎಡಗಡೆ ಅಸ್ರು ಬಟನ್ನು," ಎಂದ ದಿಲೀಪ. ಈಗ ತಲೆಯೆತ್ತಿದ್ದ.

ಚಿಕ್ಕಸ್ವಾಮಿ ಮೈಮೇಲೆ ಬೀಳುವಷ್ಟರಲ್ಲಿ ಅವಳು ಹಸಿರು ಗುಂಡಿ ಒತ್ತಿದಳು. ಲೇತ್ ಗರ್ರನೆ ತಿರುಗಿತು. ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದವಳು ಮತ್ತೆ ಮುಂದೆ ಬಂದು ನಿಂತಳು. ಚಿಕ್ಕಸ್ವಾಮಿಯ ಬೈಗುಳ ಆ ಸದ್ದಿನಲ್ಲಿ ಕೇಳಿಸಲೇ ಇಲ್ಲ. ಅವನ ಕೈ ಅವಳ ಕಾಲರಿಗೆ ಬಿತ್ತು.

ಅವಳು ಹಿಂತಿರುಗಿ ನೋಡಲಿಲ್ಲ.

"ಆಮೇಕೆ?" ಎಂದು ದಿಲೀಪನನ್ನು ಕೂಗಿ ಕೇಳಿದಳು.