ಮಗಳು ಓದಿದ ರಾಕ್ಷಸನ ಕಥೆ

ಬೆರಳು ಇನ್ನೂ ಆ ಪುಟದಲ್ಲೇ ಸಿಕ್ಕಿಕೊಂಡಿದೆ, ಬ್ಯಾಗಿನೊಳಗೆ, ಯಾರಿಗೂ ಕಾಣದ ಹಾಗೆ, ಬಸ್ಸು ತಿರುವಿನಲ್ಲಿ ವಾಲಿದಾಗ ಹಾಳೆಯ ಅಂಚು ಚರ್ಮಕ್ಕೆ ಸಣ್ಣಗೆ ಕಚ್ಚುತ್ತದೆ, ಇನ್ನು ಮೂವತ್ತು ಪುಟ ಇರಬಹುದು, ಹೆಬ್ಬೆರಳಿನಿಂದ ಒತ್ತಿದರೆ ಸಾಕು ಗೊತ್ತಾಗುತ್ತದೆ — ಪಕ್ಕದ ಹೆಂಗಸು ಮಡಿಲಲ್ಲಿ ಬಸಳೆಕಟ್ಟು ಇಟ್ಟುಕೊಂಡು ತೂಕಡಿಸುತ್ತಿದ್ದಾಳೆ, ಅವಳಿಗೆ ಎಚ್ಚರವಾಗುವುದರೊಳಗೆ ಹೊರಗೆ ತೆಗೆದು ಓದಬಹುದು, ಆದರೆ ನಲವತ್ತೊಂದು ವರ್ಷದವಳು, ಬೆಳುವಾಯಿಯ ಹೆಡ್‌ಮಾಸ್ಟ್ರ ಹೆಂಡತಿ, ಬಸ್ಸಿನಲ್ಲಿ ಕೂತು ಮಕ್ಕಳ ಕಥೆಪುಸ್ತಕ ಓದುತ್ತಾಳೆ ಅಂತ ಸಿದ್ಧಕಟ್ಟೆಯಲ್ಲಿ ಹತ್ತಿದವರು ಯಾರಾದರೂ ಊರಲ್ಲಿ ಹೇಳಿದರೆ. ಹೇಳಲಿ. ತ್ರಿಪುರಸುಂದರಿ ಪುಸ್ತಕವನ್ನು ಎಳೆದು ಮಡಿಲಲ್ಲಿಟ್ಟಳು, ಮೇಲೆ ಸೆರಗು ಮುಚ್ಚಿದಳು, ಮತ್ತೆ ಸೆರಗು ತೆಗೆದಳು. ಮೂಲ ರಟ್ಟು ಹರಿದುಹೋಗಿ ಲೈಬ್ರರಿಯವರು ಕಪ್ಪು ಬಟ್ಟೆ ಹಾಕಿ ಕಟ್ಟಿಸಿದ್ದು, ಮೊದಲ ನಾಲ್ಕು ಪುಟ ಇಲ್ಲವೇ ಇಲ್ಲ, ಹೆಸರು ಏನು, ಬರೆದವರು ಯಾರು, ಯಾವುದೂ ಗೊತ್ತಿಲ್ಲ, ಬರೆದದ್ದು ಹೆಂಗಸೇ ಇರಬೇಕು, ಅಲ್ಲ, ಹೆಂಗಸಾಗಿರಲಿಕ್ಕಿಲ್ಲ, ಮೂರು ಜನರಿಗೆ ಅನ್ನ ಮಾಡುವುದನ್ನು ಅರ್ಧ ಸಾಲಿನಲ್ಲಿ ಮುಗಿಸಿದ್ದಾರೆ, ಹಸಿಕಟ್ಟಿಗೆ, ಊದುಕೊಳವೆ, ಕಣ್ಣುರಿ ಯಾವುದೂ ಇಲ್ಲ, ಒಲೆ ಊದಿದವರು ಹಾಗೆ ಬರೆಯುವುದಿಲ್ಲ. ಇಷ್ಟು ಹೊತ್ತಿಗೆ ಇದು ಮೂಡಬಿದ್ರೆಯ ಲೈಬ್ರರಿಯಲ್ಲಿ ಸಲಾಮರ ಮೇಜಿನ ಮೇಲೆ ಇರಬೇಕಿತ್ತು. ಪುಸ್ತಕ ಹಿಂದೆ ಕೊಡು, ಮಗಳ ಕಾರ್ಡು ರದ್ದು ಮಾಡಿಸು, ಹಾಗೇ ಬಿ.ಸಿ.ರೋಡಿಗೆ ಹೋಗಿ ಬಸ್ಸು ಬದಲಿಸಿ ಮಾಣಿಗೆ ಹೋಗು, ಅಕ್ಕನ ಮನೆಯಲ್ಲಿ ಈ ಸಂಬಂಧಕ್ಕೆ ಒಪ್ಪಿಗೆ ಅಂತ ಹೇಳಿ ಸಂಜೆಯೊಳಗೆ ಬಾ — ಬೆಳಿಗ್ಗೆ ಆರಾಮಕುರ್ಚಿಯಲ್ಲಿ ಕೂತು, ಸೈಕಲಿನಿಂದ ಬಿದ್ದು ಉಳುಕಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಗಂಡ ಹೇಳಿದ್ದು, ಮೂರನೇ ಕ್ಲಾಸಿನವರಿಗೆ ಹೇಳುವ ಹಾಗೆ ಒಂದೊಂದು ಬೆರಳು ಮಡಚಿ.

ಮನೋರಮಾ ಹಾಗೆ ಹೇಳಬಾರದಿತ್ತು. ಬೇಡ ಅಂತ ಅತ್ತಿದ್ದರೆ ಅವಳಪ್ಪ ಒಂದು ವಾರ ಕಾಯುತ್ತಿದ್ದರೋ ಏನೋ, ಅಳುವ ಹುಡುಗಿಯರನ್ನು ಸಮಾಧಾನ ಮಾಡಲು ಅವರಿಗೆ ಬರುತ್ತದೆ, ಇವಳು ಅಳಲೇ ಇಲ್ಲ, ಗುರುವಾರ ಮಾಣಿಯ ಗಂಡಿನ ಕಡೆಯವರು ನೋಡಿ ಹೋದ ಮೇಲೆ ಎಲೆ ಹಾಕಿ ಬಡಿಸುತ್ತ ನಿಂತಿದ್ದಳು, ಕೈಯಲ್ಲಿ ಸಾರಿನ ಸೌಟು, ನನ್ನನ್ನು ಕೊಡುವುದಕ್ಕೆ ನಾನು ಯಾರ ಕೈಯಲ್ಲಿಯೂ ಇರಲಿಲ್ಲ ಅಪ್ಪ. ಅಷ್ಟು ಚಂದದ ಮಾತು, ಅಷ್ಟು ಸ್ವಚ್ಛ ಕನ್ನಡ, ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವವರಲ್ಲ, ಅವರು ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟು ಕೇಳಿದರು, ಇದು ಎಲ್ಲಿ ಸಿಕ್ಕಿತು ನಿನಗೆ. ಪುಸ್ತಕದಲ್ಲಿ. ಯಾವ ಪುಸ್ತಕ. ಹುಡುಗ ಶ್ರೀಕೃಷ್ಣ ಕೆಟ್ಟವನೇನಲ್ಲ, ಮಾಣಿಯ ಸೊಸೈಟಿಯಲ್ಲಿ ಕೆಲಸ, ತಗ್ಗಿಸಿದ ತಲೆ, ಕೊಟ್ಟ ಕಾಫಿ ಪೂರ್ತಿ ಕುಡಿದ, ಬೇಡ ಎನ್ನಲು ಅವನಲ್ಲಿ ಒಂದು ಕಾರಣವೂ ಇಲ್ಲ, ಬೇಡ ಎನ್ನಲು ಕಾರಣ ಬೇಕೇ ಅಂತ ಮನೋರಮಾ ಆಮೇಲೆ ಬಾವಿಕಟ್ಟೆಯಲ್ಲಿ ಕೇಳಿದಳು, ನನಗೆ ಡಿಗ್ರಿ ಓದಬೇಕು, ಅದು ಕಾರಣ ಅಲ್ವಾ ಅಮ್ಮ. ಎಂಥ ಉಂಟು ಆ ಪುಸ್ತಕದಲ್ಲಿ ನೀನೇ ಓದಿ ನೋಡು, ತಪ್ಪು ಕಂಡಲ್ಲಿ ಗೆರೆ ಹಾಕು, ಆ ಲೈಬ್ರರಿಯವರಿಗೆ ತೋರಿಸಬೇಕು, ಅಂತ ಇವರು ತಮ್ಮ ಪೆನ್ಸಿಲನ್ನೇ ಕೊಟ್ಟರು. ಶುಕ್ರವಾರ ಮಧ್ಯಾಹ್ನ ಪಾತ್ರೆ ತೊಳೆದು ತ್ರಿಪುರಸುಂದರಿ ಕೂತಳು, ಜಗಳಕ್ಕೆ ಹೊರಟವಳ ಹಾಗೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಉಳಿದದ್ದರಲ್ಲಿ ಮೊದಲ ಪುಟಕ್ಕೊಂದು ಗೆರೆ, ಎರಡನೆಯದಕ್ಕೊಂದು, ಎಂಟನೇ ಪುಟದಲ್ಲಿ ಪೆನ್ಸಿಲು ಎಲ್ಲಿ ಹೋಯಿತೋ, ಎದುರು ಮನೆಯ ನೀಲಾವತಿ ಬಂದು, ಅಕ್ಕ, ಹಾಲು ಉಕ್ಕಿದ ವಾಸನೆ, ಅಂದಾಗಲೇ ಎಚ್ಚರ.

ಆ ಕಥೆ ಅವಳಿಗೆ ಗೊತ್ತಿಲ್ಲದ್ದೇನೂ ಅಲ್ಲ. ಏಳು ಸಮುದ್ರದಾಚೆಯ ರಾಕ್ಷಸ, ಅವನ ಜೀವ ಅವನ ಮೈಯಲ್ಲಿಲ್ಲ, ಪೆಟ್ಟಿಗೆಯೊಳಗಿನ ದುಂಬಿಯಲ್ಲಿ ಉಂಟು, ರಾಜ ತನ್ನ ಪ್ರಾಣ ಉಳಿಸಿಕೊಳ್ಳಲಿಕ್ಕೆ ಮಗಳನ್ನು ಕೊಡುತ್ತೇನೆಂದು ಮಾತು ಕೊಟ್ಟ, ರಾಕ್ಷಸ ಒಯ್ದ, ರಾಜಕುಮಾರ ಬಂದ, ಅವಳು ರಾಕ್ಷಸನ ಕಾಲೊತ್ತುತ್ತ ಗುಟ್ಟು ಕೇಳಿ ಹೇಳಿದಳು, ದುಂಬಿ ಸತ್ತಿತು, ರಾಕ್ಷಸ ಸತ್ತ. ಅಜ್ಜಿ ಹಲಸಿನ ಬೀಜ ಸುಲಿಯುತ್ತ ತುಳುವಿನಲ್ಲಿ ಹೇಳುತ್ತಿದ್ದರು. ಮತ್ತೆ ಅವಳು, ಅಜ್ಜಿ? ಮತ್ತೆಂಥ, ರಾಜಕುಮಾರನಿಗೆ ಕೊಟ್ಟರು, ಮುಗಿಯಿತು, ಏಳು, ಕೈ ತೊಳೆ. ಅದೇ ಪ್ರಶ್ನೆಯನ್ನು ಆರು ವರ್ಷದ ಮನೋರಮಾ ಕೇಳಿದಾಗ ತಾನೂ ಅದನ್ನೇ ಹೇಳಿದ್ದು, ಏಳು, ಕೈ ತೊಳೆ. ಆಮೇಲೆ ಅವಳು ತರುತ್ತಿದ್ದ ಪುಸ್ತಕಗಳನ್ನೆಲ್ಲ ತಾನೂ ಕದ್ದು ಓದಿದ್ದುಂಟು, ಹಳೇ ಕಥೆಯನ್ನು ಹೊಸತು ಮಾಡುತ್ತೇವೆ ಅಂತ ಹೊರಟವರು ಎಷ್ಟು ಮಂದಿ, ಒಬ್ಬರು ಮಲತಾಯಿಯನ್ನು ಒಳ್ಳೆಯವಳು ಮಾಡಿ ಇಡೀ ಕಥೆಯನ್ನು ಸಪ್ಪೆ ಮಾಡಿದರು, ಇನ್ನೊಬ್ಬರದು ಕೊನೆಯಲ್ಲಿ ಎಲ್ಲವೂ ಕನಸಂತೆ, ಊಟಕ್ಕೆ ಕೂರಿಸಿ ಎಲೆ ಎಳೆದುಕೊಳ್ಳುವವರು, ಅವರನ್ನು ಸಲಾಮರು ಕಪಾಟಿನ ಮೇಲಿನ ಹಲಗೆಯಲ್ಲಿ ಇಟ್ಟದ್ದು ಸರಿಯೇ. ಇದು ಹಾಗಲ್ಲ. ಇದರಲ್ಲಿ ಹಳೇ ಕಥೆಯ ಒಂದು ಕಂಬವನ್ನೂ ಅಲುಗಾಡಿಸಿಲ್ಲ, ರಾಕ್ಷಸ ರಾಕ್ಷಸನೇ, ಸಮುದ್ರ ಏಳೇ, ಬಾಗಿಲು ಮಾತ್ರ ಬೇರೆ ಕಡೆಯಿಂದ ತೆರೆಯುತ್ತದೆ, ಹುಡುಗಿಯ ಕಡೆಯಿಂದ. ಗುಟ್ಟು ಅವಳಿಗೆ ಎರಡನೇ ಅಧ್ಯಾಯದಲ್ಲೇ ಗೊತ್ತಾಗುತ್ತದೆ, ಹೊಂಚು ಹಾಕಿ ಅಲ್ಲ, ಮಾತಿಗೆ ಜನ ಇಲ್ಲದ ರಾಕ್ಷಸ ತಾನಾಗಿ ಹೇಳುತ್ತಾನೆ, ಅಡುಗೆ ಮನೆಯ ಹೊಸ್ತಿಲಲ್ಲಿ ಕೂತು. ಅಲ್ಲಿ ತ್ರಿಪುರಸುಂದರಿಗೆ ಮೈ ಜುಂ ಎಂದದ್ದು, ಎಲ್ಲರೂ ಗುಟ್ಟು ಗೊತ್ತಾಗುವಲ್ಲಿಗೆ ಕಥೆ ಮುಗಿಸುತ್ತಾರೆ, ಇವರು ಅಲ್ಲಿಂದ ಶುರುಮಾಡುತ್ತಾರೆ, ಇನ್ನೊಬ್ಬರ ಜೀವ ಕೈಗೆ ಸಿಕ್ಕಿದ ಮೇಲೆ ಹದಿನೇಳರ ಹುಡುಗಿ ಎಂಥ ಮಾಡಬೇಕು. ಮರದ ಪೆಟ್ಟಿಗೆಯೊಳಗೆ ದುಂಬಿ ಗುಂಯ್ ಎನ್ನುವುದು ಅಂಗೈಗೆ ಗೊತ್ತಾಗುತ್ತಿತ್ತಂತೆ, ಹಲ್ಲುನೋವಿನ ಹಾಗೆ — ಆ ಒಂದು ಮಾತಿಗೆ ಬರೆದವರಿಗೆ ಚಂದ್ರನ ಎಷ್ಟು ವರ್ಣನೆಯನ್ನಾದರೂ ಕ್ಷಮಿಸಬಹುದು, ಚಂದ್ರ ತುಂಬ ಉಂಟು, ಹದಿಮೂರು ಕಡೆ, ಅವಳು ಎಣಿಸಿದ್ದಾಳೆ, ಮತ್ತೆ ಆ ಮಾತಾಡುವ ಮುಂಗುಸಿ ಸುಮ್ಮನೆ, ನಡುನಡುವೆ ಬಂದು ನೀತಿ ಹೇಳುತ್ತದೆ, ಶಾಲೆಗೆ ಇನ್‌ಸ್ಪೆಕ್ಟರ್ ಬಂದ ಹಾಗೆ.

ಬೆಳಿಗ್ಗೆ ಜಗಳ ಮಾಡುವ ಅಂತಲೇ ಲೈಬ್ರರಿಯ ಮೆಟ್ಟಿಲು ಹತ್ತಿದ್ದು. ಅಬ್ದುಲ್ ಸಲಾಂ, ಬೆಳ್ಳಗಿನ ಗಡ್ಡ, ಎರಡು ಕನ್ನಡಕ, ಒಂದು ಮೂಗಿನ ಮೇಲೆ ಒಂದು ಹಣೆಯಲ್ಲಿ, ಬನ್ನಿ ಅಕ್ಕ, ಮಗಳು ಬರಲಿಲ್ವಾ, ಪಿಯುಸಿ ರಿಸಲ್ಟು ಬಂತಾ. ಬಂತು, ಫಸ್ಟ್ ಕ್ಲಾಸು. ಅವರ ಮುಖ ಅರಳಿತು, ಹೆತ್ತವರು ಹಾಗೆ ನಗಬೇಕಿತ್ತು. ಪುಸ್ತಕ ತಂದ್ರಾ? ಬ್ಯಾಗಿನಲ್ಲೇ ಉಂಟು, ಕೈ ಅದರ ಮೇಲೆಯೇ ಉಂಟು, ಬಾಯಿಂದ ಬಂದದ್ದು, ಇಲ್ಲ ಸಲಾಮರೇ, ಮುಗಿದಿಲ್ಲ. ಮುಗಿಸಿಯೇ ಕೊಡಿ ಅಕ್ಕ, ಅದನ್ನು ಕೇಳುವವರಿಲ್ಲ, ಇಡೀ ಮೂಡಬಿದ್ರೆಯಲ್ಲಿ ಎರಡೇ ಮಕ್ಕಳು ಓದಿದ್ದು, ನಿಮ್ಮ ಮನೋರಮಾ, ಮತ್ತೆ ನನ್ನ ಮೊಮ್ಮಗಳು ಝೈನಬ್. ಝೈನಬ್ ಎಂಥ ಹೇಳಿದಳು? ಕೊನೆ ಸರಿ ಇಲ್ಲ ಹೇಳ್ತಾಳೆ ಮಾರಾಯ್ತಿ, ರಾಕ್ಷಸನನ್ನು ಕೊಲ್ಲಬೇಕಿತ್ತಂತೆ. ಇಬ್ಬರೂ ನಕ್ಕರು. ಕಾರ್ಡು ರದ್ದು ಮಾಡಿ ಅಂತ ಹೇಳಬೇಕಿತ್ತು, ಕೇಳಿದ್ದು ಬೇರೆ, ದೊಡ್ಡವರಿಗೂ ಕಾರ್ಡು ಕೊಡ್ತೀರಾ?

ಬಂಟ್ವಾಳ ಪೇಟೆ ದಾಟುವಾಗ ಹತ್ತು ಪುಟ ಉಳಿದಿತ್ತು, ಬಿ.ಸಿ.ರೋಡಿನಲ್ಲಿ ಇಳಿದು ಮಾಣಿಯ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಬೆರಳು ಪುಟ ಬಿಡಲಿಲ್ಲ, ಕಂಡಕ್ಟರ್ ರೈಟ್ ಪೋಯಿ ಎನ್ನುವಷ್ಟರಲ್ಲಿ ಕಿಟಕಿ ಪಕ್ಕ ಸೀಟು, ಪಾಣೆಮಂಗಳೂರಿನ ಸೇತುವೆಯ ಮೇಲೆ, ಕೆಳಗೆ ಮೇ ತಿಂಗಳ ನೇತ್ರಾವತಿ ಮರಳೆಲ್ಲ ತೋರಿಸಿಕೊಂಡು ಬಿದ್ದಿರುವಾಗ, ಹುಡುಗಿ ಪೆಟ್ಟಿಗೆಯನ್ನು ರಾಕ್ಷಸನ ಕೈಯಲ್ಲೇ ಇಡುತ್ತಾಳೆ. ನಿನ್ನ ಜೀವ ನೀನೇ ಇಟ್ಟುಕೋ, ನನ್ನದು ನನಗೆ ಕೊಡು. ಅಷ್ಟೇ. ಕತ್ತಿ ಇಲ್ಲ, ರಕ್ತ ಇಲ್ಲ, ಅವನು ಬಾಗಿಲು ತೆರೆಯುತ್ತಾನೆ. ಅವಳು ಏಳು ಸಮುದ್ರ ತಾನೇ ದಾಟಿ ಅಪ್ಪನ ಸಭೆಗೆ ಬರುತ್ತಾಳೆ, ಅಪ್ಪ ಖುಷಿಯಲ್ಲಿ ಕಣ್ಣು ಒರೆಸಿಕೊಂಡು ಈಗ ನಿನ್ನನ್ನು ರಾಜಕುಮಾರನಿಗೆ ಕೊಡುತ್ತೇನೆ ಎನ್ನುತ್ತಾನೆ, ಆಗ ಆ ಮಾತು, ಸಾರಿನ ಸೌಟು ಹಿಡಿದು ಮನೋರಮಾ ಹೇಳಿದ ಅದೇ ಮಾತು, ಇಷ್ಟು ದೂರ ನಡೆದು ಬಂದ ಮೇಲೆ ಬಂದ ಮಾತು, ಸುಮ್ಮನೆ ಬಂದದ್ದಲ್ಲ. ಕಲ್ಲಡ್ಕ ಬಂದರೂ ಅವಳು ಕೊನೆಯ ಪುಟದ ಬಿಳಿ ಜಾಗವನ್ನೇ ನೋಡುತ್ತಿದ್ದಳು. ಕೊಲ್ಲದೆ ಗೆದ್ದದ್ದನ್ನು ಇಷ್ಟು ನಂಬುವ ಹಾಗೆ ಯಾರು ಬರೆದಾರು, ಝೈನಬ್, ನಿನಗೆ ಇನ್ನೂ ಪ್ರಾಯ ಸಾಲದು. ತನ್ನನ್ನು ಕೊಟ್ಟಾಗ ಪ್ರಾಯ ಹದಿನೇಳು, ಅರವತ್ತನೇ ಇಸವಿ, ಅವರು ಒಳ್ಳೆಯವರೇ, ಇವತ್ತಿಗೂ ಒಂದು ದಿನ ಕೈ ಎತ್ತಿದವರಲ್ಲ, ಆದರೆ ಕೇಳಲಿಲ್ಲ, ಯಾರೂ, ಒಂದು ಸಲ, ಕೇಳಿದ್ದರೆ ಹೂಂ ಅಂತಲೇ ಹೇಳುತ್ತಿದ್ದಳೋ ಏನೋ, ಆ ಹೂಂ ಎಲ್ಲಿ ಹೋಯಿತು.

ಮಾಣಿ. ಇಳಿದು ನಾಲ್ಕು ಮಾರು ನಡೆದರೆ ಅನ್ನಪೂರ್ಣತ್ತಿಗೆಯ ಮನೆ, ಗಂಡನ ಅಕ್ಕ, ಈ ಸಂಬಂಧ ಕುದುರಿಸಿದವರು, ಜಗಲಿಯಲ್ಲಿ ಅವರೊಬ್ಬರೇ ಅಲ್ಲ, ಹುಡುಗನ ಅಮ್ಮ ಕಾವೇರಮ್ಮನೂ ಬಂದು ಕೂತಿದ್ದಾರೆ, ಒಪ್ಪಿಗೆಯ ಮಾತು ತಾನೇ ಕೇಳಬೇಕು ಅಂತ, ನಶ್ಯದ ಬಣ್ಣದ ಸೀರೆ, ಮುಡಿಯಲ್ಲಿ ಅಬ್ಬಲಿಗೆ. ಬಾ ಸುಂದರಿ, ಬಿಸಿಲು ಎಂಥದ್ದು ಮಾರಾಯ್ತಿ, ಮೊದಲು ಆಸರಿಗೆ ಕುಡಿ, ಅತ್ತಿಗೆ ತಟ್ಟೆಯಲ್ಲಿ ಬೆಲ್ಲ, ಚೊಂಬಿನಲ್ಲಿ ನೀರು ತಂದಿಟ್ಟರು. ನಿಮ್ಮನ್ನು ಕಂಡದ್ದೇ ನನಗೆ ಅರ್ಧ ಮದುವೆ ಆದ ಹಾಗೆ ಅನ್ನುತ್ತ ಕಾವೇರಮ್ಮ ತಾವೂ ಒಂದು ತುಂಡು ಬೆಲ್ಲ ಎತ್ತಿಕೊಂಡು ಕಚ್ಚಿದರು, ಚಿಕ್ಕ ಹುಡುಗಿಯ ಹಾಗೆ ನಗು, ನಿಮ್ಮ ಮನೋರಮನಿಗೆ ಹಿತ್ತಿಲ ಕಡೆಯ ಕೋಣೆ ಸುಣ್ಣ ಹೊಡೆಸಿದ್ದೇನೆ, ಪುಸ್ತಕ ಇಡ್ಲಿಕ್ಕೆ ಹಲಗೆ ಬೇಕು ಅಂತ ಇವ ಹೇಳಿದ. ಇವ ಅಂದರೆ ಶ್ರೀಕೃಷ್ಣ. ಹಲಗೆ. ತ್ರಿಪುರಸುಂದರಿ ನೀರು ಮುಟ್ಟಲಿಲ್ಲ, ಮುಟ್ಟಿದರೆ ಹೇಳಲಿಕ್ಕಾಗುವುದಿಲ್ಲ, ಈಗ ಹೇಳದಿದ್ದರೆ ಯಾವತ್ತೂ ಇಲ್ಲ, ತನ್ನ ಸ್ವರ ತನಗೇ ಬೇರೆ ಯಾರದೋ ಕೇಳಿಸಿತು, ಅತ್ತಿಗೆ, ಮನೋರಮಾ ಬೇಡ ಹೇಳ್ತಾಳೆ, ಅವಳಿಗೆ ಓದಬೇಕಂತೆ. ನಾನೂ ಬೇಡ ಹೇಳ್ತೇನೆ. ಜಂಕ್ಷನ್ನಿನಲ್ಲಿ ಲಾರಿಯೊಂದು ಹಾರನ್ ಹೊಡೆದು ಹೋಯಿತು. ತಮ್ಮ ಒಪ್ಪಿದ್ದಾನಾ, ಅತ್ತಿಗೆ ಕೇಳಿದರು. ಅವರಿಗೆ ಗೊತ್ತಿಲ್ಲ, ಇವತ್ತು ಹೋಗಿ ಹೇಳ್ತೇನೆ. ಹೇಳ್ತೀಯಾ? ಹೇಳ್ತೇನೆ. ಅತ್ತಿಗೆ ಅವಳನ್ನು ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನೋಡುವವರ ಹಾಗೆ ನೋಡಿದರು, ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಕಾವೇರಮ್ಮ ಕೈಯಲ್ಲಿ ಉಳಿದಿದ್ದ ಬೆಲ್ಲವನ್ನು ನೋಡಿದರು, ಇನ್ನು ತಿನ್ನುವುದೋ ಬಿಡುವುದೋ ತಿಳಿಯದವರ ಹಾಗೆ, ಮತ್ತೆ ಮೆಲ್ಲಗೆ ತಟ್ಟೆಯಲ್ಲಿ ಇಟ್ಟರು, ಕಚ್ಚಿದ ಕಡೆಯನ್ನು ಗೋಡೆಗೆ ತಿರುಗಿಸಿ.

ಹಿಂದಿರುಗುವ ಬಸ್ಸು, ನಿಂತುಕೊಂಡೇ, ಮೇಲಿನ ಕಂಬಿ ಬಿಸಿ. ಸರಿಯಾಗಿಯೇ ಹೇಳಿದ್ದು, ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ, ಮನೆಯಲ್ಲಿ ಇವರು ಎರಡು ದಿನ ಮಾತಾಡಲಿಕ್ಕಿಲ್ಲ, ಒಂದು ವಾರ ಮಾತಾಡಲಿಕ್ಕಿಲ್ಲ, ಅಕ್ಕನ ಮುಂದೆ ನನ್ನ ಮರ್ಯಾದೆ ಅನ್ನುತ್ತಾರೆ, ಅನ್ನಲಿ, ಸೋಮವಾರ ಮನೋರಮನೊಟ್ಟಿಗೆ ತಾನೇ ಕಾಲೇಜಿಗೆ ಹೋಗಿ ಅರ್ಜಿ ಫಾರ್ಮು ತರುವ, ಬರುವಾಗ ಸಲಾಮರಿಗೆ ಪುಸ್ತಕ ಕೊಟ್ಟು ಹೇಳುವ, ಇಷ್ಟು ಒಳ್ಳೆಯದನ್ನು ನಾನು ಓದಿದ್ದೇ ಇಲ್ಲ ಸಲಾಮರೇ, ಹತ್ತು ಹುಡುಗಿಯರಿಗೆ ಕೊಡಿ, ಅವರ ಅಮ್ಮಂದಿರಿಗೂ ಕೊಡಿ, ಅಡುಗೆ ಬಾರದವರು ಬರೆದದ್ದು, ಚಂದ್ರ ಹದಿಮೂರು, ಮುಂಗುಸಿ ಬೇಡ, ಮತ್ತೆ ಒಂದು, ಅದನ್ನು ಹೇಳುವುದು ಹೇಗೆ, ಹುಡುಗಿ ಬೇಡ ಅಂದ ಮೇಲೆ ಸಭೆಯಲ್ಲಿ ಎಲ್ಲರೂ ಸುಮ್ಮನಾದರು ಅಂತ ಒಂದೇ ಸಾಲು ಉಂಟು, ರಾಜಕುಮಾರನ ಅಮ್ಮ ಇರಲಿಲ್ವಾ ಆ ಸಭೆಯಲ್ಲಿ, ಅವಳೂ ಒಂದು ಕೋಣೆಗೆ ಸುಣ್ಣ ಹೊಡೆಸಿರಲಿಲ್ವಾ, ಅವಳ ಬಗ್ಗೆ ಒಂದು ಪುಟ, ಒಂದು ಪುಟ ಬರೆದಿದ್ದರೆ, ಬರೆದಿದ್ದರೆ ತನಗೆ ಹೇಳಲಿಕ್ಕೆ ಆಗುತ್ತಿರಲಿಲ್ಲವೋ ಏನೋ, ಅದಕ್ಕೇ ಬರೆಯಲಿಲ್ಲವೋ, ಸೇತುವೆ ಬಂತು, ಮರಳು, ಮರಳಿನ ನಡುವೆ ಒಂದು ಗೆರೆ ನೀರು, ಫಸ್ಟ್ ಕ್ಲಾಸು, ಫಾರ್ಮು, ಸೋಮವಾರ, ಮತ್ತೆ ಆ ತಟ್ಟೆ, ತಟ್ಟೆಯಲ್ಲಿ ಆ ತುಂಡು, ಗೋಡೆಗೆ ತಿರುಗಿಸಿ ಇಟ್ಟರೂ ತಾನು ಕೂತಲ್ಲಿಂದ ಕಾಣುತ್ತಿತ್ತು, ಬೆಲ್ಲದಲ್ಲಿ ಹಲ್ಲಿನ ಗುರುತು, ಮುಂದಿನ ಎರಡು ಹಲ್ಲು, ನಡುವೆ ಸಣ್ಣ ಸಂದು, ಬೆಲ್ಲ, ಹಲ್ಲಿನ ಗುರುತು