ಡಬ್ಬಿಯ ಮೇಲಿನ ‘ಚಂಚಲ’

ಸುಮ್ಮನೆ ಕೂರುವ ಜಾತಿ ನನ್ನದಲ್ಲ. ಬೀದಿಯಲ್ಲಿ ಸ್ಕೂಟರ್ ಹೋದರೂ ನನ್ನ ಮೈ ನಡುಗುತ್ತದೆ. ಯಾರಾದರೂ ಜೇಬಿನಲ್ಲಿ ಬೀಗದ ಕೈ ಇಟ್ಟುಕೊಂಡು ಬಂದರೆ ಅವರ ಮುಖ ಕಾಣುವ ಮೊದಲೇ ನನಗೆ ಗೊತ್ತಾಗುತ್ತದೆ. ನಾನೊಂದು ಕಾಂತಮಾಪಕ, ಎಂದರೆ ಕಾಂತಕ್ಷೇತ್ರವನ್ನು ಅಳೆಯುವ ಉಪಕರಣ. ಗಾತ್ರದಲ್ಲಿ ಸುಣ್ಣದ ಡಬ್ಬಿಯಷ್ಟಿದ್ದೇನೆ.

ನಾನು ಹುಟ್ಟಿದ್ದು ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ಪುಟ್ಟತಾಯಮ್ಮನವರ ಕೈಯಲ್ಲಿ. ಕೂದಲೆಳೆಯಂಥ ತಾಮ್ರದ ತಂತಿಯನ್ನು ಒಂದಿಷ್ಟೂ ಸಡಿಲವಾಗದಂತೆ ಸುತ್ತುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನನಗಿಂತ ಒಂದು ದಿನ ಮೊದಲು ನನ್ನಂಥವನೇ ಇನ್ನೊಬ್ಬ ಹುಟ್ಟಿದ್ದ, ನನ್ನಣ್ಣ. ಸೂರ್ಯನಿಂದ ಗ್ರಹಗಳವರೆಗೂ ಹರಡಿರುವ ಕಾಂತಕ್ಷೇತ್ರವನ್ನು ಅಳೆಯಬೇಕೆಂಬುದು ನಮ್ಮ ವಿಜ್ಞಾನಿ ಡಾ. ಇಂದುಮತಿ ಕುಲಗೋಡರ ಜೀವಮಾನದ ಹಟ. ನಮ್ಮಿಬ್ಬರಲ್ಲಿ ಒಬ್ಬ ಬಾಹ್ಯಾಕಾಶ ನೌಕೆ ಹತ್ತಬೇಕಿತ್ತು.

ಅಲ್ಲಿನ ಕ್ಷೇತ್ರ ಭೂಮಿಯದಕ್ಕಿಂತ ಸಾವಿರಾರು ಪಟ್ಟು ದುರ್ಬಲ. ಹಾಗಾಗಿ ನಮ್ಮ ಪರೀಕ್ಷೆ ನಡೆದದ್ದು ಊರಾಚೆಯ ಬಯಲಿನ ಒಂದು ಮರದ ಮನೆಯಲ್ಲಿ. ಅದರ ಮೊಳೆಗಳೂ ಹಿತ್ತಾಳೆಯವು. ಬಾಗಿಲಲ್ಲೊಂದು ಬಿದಿರಿನ ಮೊರ. ಒಳಗೆ ಬರುವವರು ವಾಚು, ಬೆಲ್ಟು, ಬೀಗದ ಕೈ, ತಲೆಯ ಪಿನ್ನು ಎಲ್ಲವನ್ನೂ ಅದರಲ್ಲಿ ಹಾಕಲೇಬೇಕು. ಇಂದುಮತಿ ದೊಡ್ಡ ಅಧಿಕಾರಿಗಳನ್ನೂ ಗದರಿಸಿ ಬಿಚ್ಚಿಸುತ್ತಿದ್ದರು. ಆದರೆ ತಾಳಿಯ ಮಾತು ಮಾತ್ರ ಎತ್ತುತ್ತಿರಲಿಲ್ಲ. ಮುತ್ತೈದೆಗೆ ಅದನ್ನು ತೆಗಿ ಅನ್ನಲು ಯಾರಿಗೆ ಬಾಯಿ ಬರುತ್ತದೆ? ಹೇಗೂ ಬಂಗಾರ, ಕಾಂತಕ್ಕೆ ಅದರ ಗೊಡವೆಯಿಲ್ಲ.

ಅಣ್ಣನ ಪರೀಕ್ಷೆಯ ದಿನ ಪುಟ್ಟತಾಯಮ್ಮ ಅವನ ಮೇಲೆ ಬಾಗಿ ಕದಲದೆ ಕೂತಿದ್ದರು. ಅವನ ಗೆರೆ ಪರದೆಯ ಮೇಲೆ ನೆಟ್ಟಗೆ ಹೋಯಿತು. ಮರುದಿನ ನನ್ನ ಸರದಿ. ಅವತ್ತು ಅವರಿಗೆ ವಿಪರೀತ ಕೆಮ್ಮು. ಕೆಮ್ಮು ಬಂದಾಗ ಹಿಂದೆ ಸರಿಯುವುದು, ನಿಂತಾಗ ಮತ್ತೆ ಬಾಗುವುದು. ಬಾಗಿದಾಗಲೆಲ್ಲ ಏನೋ ನನ್ನನ್ನು ಎಳೆಯುತ್ತಿತ್ತು. ಇಲ್ಲಿ ಕಬ್ಬಿಣವಿದೆ, ನೋಡಿ, ನೋಡಿ ಎಂದು ನಾನು ನನಗೆ ತಿಳಿದ ಒಂದೇ ಭಾಷೆಯಲ್ಲಿ ಕೂಗಿಕೊಂಡೆ. ನನ್ನ ಗೆರೆ ಕುಣಿಯಿತು.

“ಇದು ಒಂದ್ ಕಡೆ ನಿಲ್ಲಂಗಿಲ್ಲ. ಇದರಣ್ಣನ್ನ ಕಳಿಸೂಣು,” ಎಂದರು ಇಂದುಮತಿ.

ಡಬ್ಬಿಯ ಮೇಲೆ ‘ಚಂಚಲ’ ಎಂದು ಬರೆದು ನನ್ನನ್ನು ಕಬ್ಬಿಣದ ಬೀರುವಿಗೆ ತಳ್ಳಿದರು. ನನ್ನಂಥವನಿಗೆ ಕಬ್ಬಿಣದ ಬೀರು! ಯಥಾರ್ಥವಾದಿ ಲೋಕವಿರೋಧಿ ಅನ್ನುವುದು ಸುಳ್ಳಲ್ಲ. ಆರು ವರ್ಷ ಅಲ್ಲಿ ಸಿಟ್ಟಿನಲ್ಲೇ ಕುದಿದೆ.

ಒಂದು ದಿನ ಇಂದುಮತಿ ಬೀರು ತೆಗೆದರು. ಅವರ ಮುಖ ಬಾಡಿತ್ತು. ಅಣ್ಣನ ಅಳತೆಗಳು ಬೇರೆ ದೇಶಗಳ ನೌಕೆಗಳ ಅಳತೆಗಿಂತ ಯಾವಾಗಲೂ ಒಂದಿಷ್ಟು ಹೆಚ್ಚು ಬರುತ್ತಿದ್ದವು. ಸೋಮವಾರ ಪರಿಶೀಲನಾ ಸಭೆ. ಅಷ್ಟರಲ್ಲಿ ಕಾರಣ ಸಿಗದಿದ್ದರೆ ನಾಲ್ಕು ವರ್ಷದ ಅಳತೆಯೆಲ್ಲ ನಂಬಲಾಗದ್ದೆಂದು ಕಸದ ಪಾಲು. ಹಳೆಯ ಪರೀಕ್ಷೆಯನ್ನು ಇದ್ದಂತೆಯೇ ಮತ್ತೆ ಮಾಡಿ ನೋಡಲು ಅವರು ನಿವೃತ್ತರಾಗಿದ್ದ ಪುಟ್ಟತಾಯಮ್ಮನನ್ನು ಕರೆಸಿದರು.

ಪುಟ್ಟತಾಯಮ್ಮ ನನ್ನ ಮೇಲೆ ಬಾಗಿದರು. ಏನೂ ಎಳೆಯಲಿಲ್ಲ. ಗೆರೆ ನೆಟ್ಟಗಿತ್ತು. ನನಗೇ ಹೆದರಿಕೆಯಾಯಿತು: ಬೀರುವಿನಲ್ಲಿ ಕೂತು ಕೂತು ಕಿವುಡನಾದೆನೇ?

“ಅದೇ ಮನಿ, ಅದೇ ಕೈ, ಅದೇ ಯಂತ್ರ. ಅವತ್ತಿಗೂ ಇವತ್ತಿಗೂ ಏನ್ ಬ್ಯಾರೆ ಐತಿ, ಪುಟ್ಟತಾಯಕ್ಕಾ?” ಎಂದ ಇಂದುಮತಿಯ ಕಣ್ಣು ಅವರ ಬರಿದಾದ ಕೊರಳ ಮೇಲೆ ನಿಂತಿತು.

ಪುಟ್ಟತಾಯಮ್ಮನ ಕೈ ಕೊರಳಿಗೆ ಹೋಯಿತು. “ನಮ್ಮೆಜಮಾನ್ರು ಹೋಗಿ ಮೂರು ವರ್ಷ ಆಯ್ತು ಮೇಡಂ. ತಾಳಿ ಇಲ್ಲ, ಅಷ್ಟೆ.” ಮರುಕ್ಷಣವೇ ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ ಶಿವನೇ! ಸೀರೆಗೆ ಬೇಕಾಗುತ್ತೆ ಅಂತ ಅದ್ರಲ್ಲೇ ನಾಕು ಪಿನ್ನು ಸಿಗಿಸ್ಕೊಂಡಿರ್ತಿದ್ದೆ. ಸೆರಗಿನೊಳಗೆ ಇರೋದು, ಜ್ಞಾಪಕಾನೇ ಬರ್ಲಿಲ್ಲ. ನಿಮ್ಮ ಕೆಲಸಾನೆಲ್ಲ ನಾನೇ ಹಾಳು ಮಾಡಿದ್ನಲ್ಲಾ!”

“ನಾನೂ ಕೇಳ್ಲಿಲ್ಲಲ್ಲಕ್ಕಾ,” ಎಂದರು ಇಂದುಮತಿ. “ಕೇಳಾಕ ನನಗ ಬಾಯಿ ಬರ್ಲಿಲ್ಲ.”

ಅಣ್ಣನ ಮೇಲೆ ಆ ಪಿನ್ನುಗಳ ಎಳೆತ ಕದಲದೆ ನಿಂತದ್ದರಿಂದ, ಅದನ್ನು ಅವನ ಹುಟ್ಟು ಸ್ವಭಾವವೆಂದೇ ಬಗೆದು ಪ್ರತಿ ಅಳತೆಯ ಲೆಕ್ಕಕ್ಕೂ ಸೇರಿಸಿಕೊಂಡಿದ್ದರು. ಆ ತಪ್ಪು ಲೆಕ್ಕದೊಂದಿಗೇ ಅವನು ಆಕಾಶ ಸೇರಿದ್ದ. ಎಳೆತ ಎಷ್ಟೆಂದು ತಿಳಿದರೆ ಅಷ್ಟನ್ನು ಕಳೆದುಬಿಡಬಹುದು.

ಮರುದಿನ ಪುಟ್ಟತಾಯಮ್ಮ ತಾಳಿಯನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ ತಂದರು. ನಾಲ್ಕು ಪಿನ್ನುಗಳೂ ಹಾಗೇ ಇದ್ದವು. ಇಂದುಮತಿ ಅದನ್ನು ತೂಗುಹಾಕಲು ಒಂದು ಮರದ ಕೋಲು ನಿಲ್ಲಿಸಿದ್ದರು.

“ಕೋಲ್ಯಾಕೆ ಮೇಡಂ? ನಾನು ಎಷ್ಟು ಬಾಗ್ತಿದ್ದೆ ಅಂತ ಕೋಲಿಗೇನು ಗೊತ್ತು?”

ಹಾಗೆಂದವರು ತಾಳಿಯನ್ನು ತಾವೇ ಕೊರಳಿಗೆ ಹಾಕಿಕೊಂಡು, ಸೆರಗು ಹೊದ್ದು, ನನ್ನ ಮೇಲೆ ಬಾಗಿದರು. ನಾನು ಥಟ್ಟನೆ ಅದುರಿದೆ. ಗೆರೆ ಹಾರಿ ನಿಂತಿತು. ಅದು ಎಷ್ಟು ಹಾರಿತ್ತೋ ಅಣ್ಣನ ಅಳತೆಯಲ್ಲಿದ್ದ ಹೆಚ್ಚುವರಿಯೂ ಸರಿಯಾಗಿ ಅಷ್ಟೇ ಇತ್ತು. ಇಂದುಮತಿ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು.

“ಇದ್ದಾಗ್ಲೂ ಹಿಂಗೇ, ಎಲ್ಲದಕ್ಕೂ ಅಡ್ಡ ಬರೋರು ನಮ್ಮೆಜಮಾನ್ರು,” ಎಂದು ನಕ್ಕರು ಪುಟ್ಟತಾಯಮ್ಮ.

ಸೋಮವಾರದ ಸಭೆ ನಾಲ್ಕು ವರ್ಷದ ಅಳತೆಯನ್ನು ಒಪ್ಪಿತು. ಅಣ್ಣ ಇನ್ನೂ ಮೇಲಿದ್ದಾನೆ. ನಾನೀಗ ಮುದುಕ, ಮರದ ಕಪಾಟಿನ ಮೂಲೆಯಲ್ಲಿದ್ದೇನೆ. ಸ್ಕೂಟರ್ ಹೋದರೆ ಈಗಲೂ ನಡುಕ ತಪ್ಪಿಲ್ಲ. ಡಬ್ಬಿಯ ಮೇಲಿನ ಹೆಸರನ್ನು ಯಾರೂ ಅಳಿಸಿಲ್ಲ, ನನಗೂ ಅದರ ಮೇಲೆ ಸಿಟ್ಟು ಉಳಿದಿಲ್ಲ.

ಆ ದಿನ ಅಳತೆ ಮುಗಿದ ಮೇಲೂ ಪುಟ್ಟತಾಯಮ್ಮ ಮೇಲೇಳಲಿಲ್ಲ, ತಾಳಿ ತೆಗೆಯಲೂ ಇಲ್ಲ. ಈ ಸಲವೂ ಇಂದುಮತಿ ತೆಗೆಯಿರಿ ಅನ್ನಲಿಲ್ಲ. ಪುಟ್ಟತಾಯಮ್ಮ ಬಾಗಿದ್ದಷ್ಟು ಹೊತ್ತೂ ನಾನು ಹೇಳುತ್ತಲೇ ಇದ್ದೆ: ಇದೆ, ಇಲ್ಲೇ ಇದೆ.