ಬಣ್ಣ ಬಳಿದ ಪಿನ್ನು

ನಾನು ಒಂದು ಉಕ್ಕಿನ ಪಿನ್ನು. ಹುಬ್ಬಳ್ಳಿಯ ಒಂದು ಕಾರ್ಖಾನೆಯಲ್ಲಿ ಹುಸೇನಸಾಬರು ನನ್ನನ್ನು ಲೇತಿನ ಮೇಲೆ ಕಡೆದರು. ದೇವರನ್ನು ನೆನೆಯದೆ ಕೆಲಸಕ್ಕೆ ಕೈಹಚ್ಚದ ಮನುಷ್ಯ. ಅವರು ಈಗಿಲ್ಲ. ಅವರ ಅಂಗೈಯ ಬಿಸಿ ಮಾತ್ರ ನೆನಪಿದೆ.

ಅಲ್ಲಿಯದೇ ಕ್ರೇನಿನ ತೋಳಿಗೆ ನನ್ನನ್ನು ಹಾಕಿದರು. ಬೆಸುಗೆ ಎರಡು ಕಬ್ಬಿಣಗಳನ್ನು ಅಲುಗದಂತೆ ಹಿಡಿಯುತ್ತದೆ. ಗುಂಡುಕೀಲು ಎತ್ತ ಬೇಕಾದರೂ ಹೊರಳಬಿಡುತ್ತದೆ. ನಾನು ಬಾಗಿಲ ಬಿಜಾಗರಿಯ ಜಾತಿ. ಬಿಡದೆ ಹಿಡಿದಿರಬೇಕು, ಒಂದು ದಿಕ್ಕಿನಲ್ಲಿ ತಿರುಗಲೂ ಬಿಡಬೇಕು.

ವರ್ಷವರ್ಷವೂ ನವರಾತ್ರಿಯ ಖಂಡೇಪೂಜೆಗೆ ಯಂತ್ರಗಳಿಗೆಲ್ಲ ಹೊಸ ಬಣ್ಣ. ಮೊದಲ ಕೈ ಮಾಲೀಕ ಶಿವಮೂರ್ತೆಪ್ಪನವರದು. ಕೈಮುಗಿದು, ನನ್ನ ಸಂದುಗೊಂದಿಗಳನ್ನೂ ಬಿಡದೆ ಬಳಿಯುತ್ತಿದ್ದರು.

ಒಂದು ದಿನ ನನ್ನ ಪಕ್ಕದ ತಗಡು ಬಿರಿದು, ಎತ್ತಿದ ಭಾರ ನೆಲಕ್ಕೆ ಬಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಅಂದಿನಿಂದ ಎಲ್ಲರ ಕಣ್ಣೂ ಕ್ರೇನ್ ನಡೆಸುವ ಫಕ್ಕೀರಪ್ಪನ ಮೇಲೆ.

“ಖರೇ ಹೇಳು, ಎಷ್ಟ ಭಾರ ಎತ್ತಿದ್ದಿ?” ಎಂದರು ಮಾಲೀಕರು.

“ಯಾವತ್ತಿನಷ್ಟ ರೀ ಯಪ್ಪಾ. ದೇವರಾಣಿ.”

“ಆಣಿ ಹಾಕೋದು ನಿನಗ ಎಲಿ ಅಡಿಕಿ ಹಾಕಿದಂಗ ಆಗೇತಿ. ಎಂಜಿನಿಯರ್ ನೋಡಿ ಹೋಗ್ಲಿ, ಆಮ್ಯಾಲ ನಿನ್ನ ಮನೀಗೆ ಕಳಸ್ತೀನಿ.”

ನನಗೂ ಅವನ ಮೇಲೆ ಗುಮಾನಿ. ಅವನಿಗೆ ನನ್ನ ಮೇಲೆ. ಹುಸೇನಸಾಬರು ಕಡೆದದ್ದರಲ್ಲೇ ಏನೋ ಕೊರತೆಯಿದೆಯೆಂಬಂತೆ ದಿಟ್ಟಿಸುತ್ತಿದ್ದ. ತೀರಿಹೋದವರ ಮೇಲೆ ಸಂಶಯ!

ಎಂಜಿನಿಯರ್ ರೋಹಿಣಿ ಬಂದು, ಕಂಪ್ಯೂಟರಿನಲ್ಲಿ ಕ್ರೇನಿನ ಪ್ರತಿರೂಪವನ್ನು ಸಣ್ಣ ಸಣ್ಣ ತುಣುಕುಗಳಿಂದ ಕಟ್ಟಿದಳು. ನನ್ನನ್ನು ತಿರುಗುವ ಕೀಲೆಂದು ತೋರಿಸಿ ಭಾರ ಹಾಕಿದಳು. ಇಮ್ಮಡಿ ಹಾಕಿದರೂ ತೆರೆಯ ಮೇಲೆ ಬಿರಿದ ಜಾಗ ಅಪಾಯವಿಲ್ಲದ ಹಸಿರಾಗಿಯೇ ಉಳಿಯಿತು.

“ಭಾರ ಜಾಸ್ತಿ ಆಗಿದ್ರ ಬ್ಯಾರೆ ಕಡೆ ಮುರೀಬೇಕಿತ್ತು ರೀ,” ಎಂದಳು.

ಈಗ ಅವಳ ಸಂಶಯ ನನ್ನ ಮೇಲೆ ತಿರುಗಿತು. ನನ್ನನ್ನು ಬೆಸುಗೆಯೆಂದು ಬದಲಿಸಿ, ಎಂದಿನ ಭಾರವನ್ನೇ ಹಾಕಿದಳು. ಬಿರಿದ ಜಾಗವೇ ಕೆಂಪಾಯಿತು.

ಎದ್ದು ಬಂದು ನನ್ನನ್ನು ತಿರುಗಿಸಲು ನೋಡಿದಳು. ನಾನು ಅಲುಗಲಿಲ್ಲ. ಚಾಕುವಿನಿಂದ ಕೆರೆದಾಗ ಪದರು ಪದರಾಗಿ ಬಣ್ಣ ಉದುರಿತು.

“ಪಿನ್ನಿಗೆ ಬಣ್ಣಾ ಬಳದವರು ಯಾರ್ರೀ? ತಿರುಗದಂಗ ಹಿಡದೇತಿ, ಅದಕ್ಕ ತಗಡು ಬಿರದೇತಿ.”

ಫಕ್ಕೀರಪ್ಪ ನೆಲ ನೋಡಿದ. ಶಿವಮೂರ್ತೆಪ್ಪನವರು ಬಗ್ಗಿ ಒಂದು ಚಕ್ಕೆ ಎತ್ತಿಕೊಂಡರು.

“ನಾನ ರೀ,” ಎಂದರು. ಆಮೇಲೆ ಫಕ್ಕೀರಪ್ಪನ ಮುಖ ನೋಡದೆ, “ನಾಳೆ ಲಗೂನ ಬಾರಪಾ,” ಎಂದರು.

ಈಗ ನನ್ನ ಜಾಗದಲ್ಲಿ ಬೇರೆ ಪಿನ್ನು ದುಡಿಯುತ್ತಿದೆ. ನಾನು ಕಾರ್ಖಾನೆಯ ದೇವರ ಗೂಡಿನ ಅಂಚಿನಲ್ಲಿ ಮುದುಕನಾಗಿ ಕುಳಿತಿದ್ದೇನೆ. ಖಂಡೇಪೂಜೆಯ ದಿನ ಶಿವಮೂರ್ತೆಪ್ಪನವರು ಹೂವು ತರುತ್ತಾರೆ. ಅವರ ಭಕ್ತಿಯನ್ನು ನಾನು ಎಂದೂ ಸಂಶಯಿಸಿದವನಲ್ಲ. ಆದರೂ ಹೂವಿಡಲು ಅವರು ಬಲಗೈ ಚಾಚಿದಾಗ, ನಾನು ಮೊದಲು ನೋಡುವುದು, ಬಣ್ಣದ ಡಬ್ಬಿ ಇದೆಯೇನೋ ಎಂದು, ಅವರ ಎಡಗೈಯನ್ನು.